ಯಾವ ನಾಟಿ ದನ ಕಟ್ಟಬೇಕು? ಗಿಡ್ಡ, ಹಳ್ಳಿಕಾರ್, ಅಮೃತಮಹಲ್, ದೇವಣಿ: ಕೊಳ್ಳುವ ಮುಂಚೆ ನೋಡಬೇಕಾದ್ದು

ನಾಟಿ ದನ ಕಟ್ಟಬೇಕೆಂದು ಹೊರಟವರು ಮೊದಲು ಕೇಳುವುದು ‘ಎಷ್ಟು ಹಾಲು ಕೊಡುತ್ತೆ’ ಅಂತ. ಹಾಲಿನ ಲೆಕ್ಕವೇ ಮುಖ್ಯವಾದರೆ ಮುಂದೆ ಓದುವ ಅಗತ್ಯವಿಲ್ಲ. ಮಿಶ್ರತಳಿ ಹಸು ಒಂದು ದಿನಕ್ಕೆ ಕೊಡುವ ಹಾಲನ್ನು ಕೊಡಲು ಮಲೆನಾಡು ಗಿಡ್ಡಕ್ಕೆ ಒಂದು ವಾರ ಬೇಕು. ತಳಿ ಉಳಿಯಬೇಕು, ಗೊಬ್ಬರ ಬೇಕು, ಮನೆಮಟ್ಟಿಗೆ ಹಾಲು ಸಿಕ್ಕರೆ ಸಾಕು ಅನ್ನುವವರು ಬೇರೆಯೇ ಪ್ರಶ್ನೆ ಹಾಕಿಕೊಳ್ಳಬೇಕು: ನಿಮ್ಮ ಮನೆಯಿಂದ ಹಸುವನ್ನು ನಡೆಸಿಕೊಂಡು ಹೋಗಿ ಬರುವಷ್ಟು ದೂರದಲ್ಲಿ ಯಾವ ತಳಿಯ ಬೀಜದ ಹೋರಿ ಇದೆ?

ಈ ಪ್ರಶ್ನೆಗೆ ಉತ್ತರ ಸಿಗದೆ ಹಸು ತಂದವರ ಮನೆಯಲ್ಲಿ ಆಗುವುದು ಒಂದೇ. ಹಸು ಬೆದೆಗೆ ಬರುತ್ತದೆ, ಹೋರಿ ಇಲ್ಲ. ಒಂದೆರಡು ಸುತ್ತು ಕಾಯುತ್ತಾರೆ, ಕೊನೆಗೆ ಸಿಕ್ಕಿದ ಜರ್ಸಿ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸುತ್ತಾರೆ. ಹುಟ್ಟಿದ ಕರುವಿನಲ್ಲಿ ತಳಿಯ ಪಾಲು ಅರ್ಧ, ಅದರ ಕರುವಿಗೂ ಹಾಗೇ ಮಾಡಿಸಿದರೆ ಕಾಲು. ಎಂಟು ಹತ್ತು ವರ್ಷದಲ್ಲಿ ‘ನಾಟಿ ಹಸು ಸಾಕಿದ್ದೇವೆ’ ಅನ್ನುವ ಮಾತು ಮಾತ್ರ ಉಳಿಯುತ್ತದೆ.

ಅಳೆಯುವ ಕೋಲು

ಹೋರಿ ಮೊದಲನೆಯದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಆ ತಳಿಯ ವೀರ್ಯ ಕಡ್ಡಿ ತರಿಸಿಕೊಡುತ್ತಾರೆಯೇ ಎಂದು ಕೊಳ್ಳುವ ಮುಂಚೆಯೇ ಕೇಳಿ. ‘ತರಿಸಬಹುದು’ ಅನ್ನುವುದು ಬೇರೆ, ‘ಕಂಟೇನರಿನಲ್ಲಿ ಇದೆ’ ಅನ್ನುವುದು ಬೇರೆ.

ಎರಡನೆಯದು ಮೇವು. ದನ ದಿನಕ್ಕೆ ತನ್ನ ತೂಕದ ನೂರಕ್ಕೆ 2.5ರಿಂದ 3ರಷ್ಟು ಒಣ ಅಂಶ ತಿನ್ನಬೇಕು. 100 ಕೆಜಿಯ ಗಿಡ್ಡಕ್ಕೆ ಇದು ಸುಮಾರು 6 ಕೆಜಿ ಹಸಿಹುಲ್ಲು ಮತ್ತು ಒಂದೂವರೆ–ಎರಡು ಕೆಜಿ ಒಣಹುಲ್ಲು. 300 ಕೆಜಿಯ ಹಳ್ಳಿಕಾರ್ ಹಸುವಿಗೆ 15 ಕೆಜಿ ಹಸಿಹುಲ್ಲು, 5 ಕೆಜಿ ರಾಗಿಹುಲ್ಲು. ಮೇಯಲು ಬಿಡದೆ ಕಟ್ಟಿಯೇ ಸಾಕಿದರೆ ವರ್ಷಕ್ಕೆ ಗಿಡ್ಡಕ್ಕೆ ಆರೇಳು ಕ್ವಿಂಟಾಲ್ ಒಣಹುಲ್ಲು, ಹಳ್ಳಿಕಾರಿಗೆ ಹದಿನೆಂಟು ಕ್ವಿಂಟಾಲ್. ಒಂದು ಎಕರೆ ಒಳ್ಳೆಯ ರಾಗಿ ಬೆಳೆಯ ಹುಲ್ಲು ಒಂದೇ ಹಳ್ಳಿಕಾರ್ ಹಸುವಿಗೆ ಸರಿಹೋಯಿತು ಎಂದು ತಿಳಿಯಿರಿ.

ಮೂರನೆಯದನ್ನು ಯಾರೂ ಮುಂಚಿತವಾಗಿ ಯೋಚಿಸುವುದಿಲ್ಲ: ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. ಆ ಹೋರಿಕರು ಎಲ್ಲಿಗೆ ಹೋಗುತ್ತದೆ? 2020ರ ಗೋಹತ್ಯೆ ತಡೆ ಕಾಯ್ದೆಯ ನಂತರ ಮಾರುವ, ಸಾಗಿಸುವ ದಾರಿಗಳೂ ಬಿಗಿಯಾಗಿವೆ. ಕರುವಿಗೆ ಕೆಲಸವೋ ಗಿರಾಕಿಯೋ ಇರುವ ತಳಿ ನಿಮ್ಮ ಸೀಮೆಯಲ್ಲಿ ಯಾವುದು ಎಂದು ನೋಡಿ. ನಾಲ್ಕನೆಯದು ಕೈ. ಬೆಳಿಗ್ಗೆ ಬಿಟ್ಟು ಸಂಜೆ ಕಟ್ಟಲು ಮನೆಯಲ್ಲಿ ಆಳಿದ್ದಾರೋ, ಶನಿವಾರ ಭಾನುವಾರದ ತೋಟವೋ?

ಮಲೆನಾಡು ಗಿಡ್ಡ

ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ ಮತ್ತು ಕರಾವಳಿ ಜಿಲ್ಲೆಗಳವರಿಗೆ ಇದರಲ್ಲಿ ಎರಡನೇ ಯೋಚನೆ ಬೇಡ. ಊರದನ, ವರ್ಷಗಂಧಿ ಎಂದೆಲ್ಲ ಕರೆಸಿಕೊಳ್ಳುವ ಈ ದನಕ್ಕೆ ಕರ್ನಾಲಿನ ರಾಷ್ಟ್ರೀಯ ಪಶು ತಳಿ ಬ್ಯೂರೋದಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿದ್ದು 2012ರಲ್ಲಿ. ಅಲ್ಲಿಯವರೆಗೆ ಕಾಗದದಲ್ಲಿ ಇದು ‘ತಳಿಯಿಲ್ಲದ ದನ’. ಎತ್ತರ ಮೂರಡಿ ಆಸುಪಾಸು, ತೂಕ 80ರಿಂದ 120 ಕೆಜಿ, ಹಾಲು ದಿನಕ್ಕೆ ಒಂದರಿಂದ ಎರಡು ಲೀಟರ್, ಚೆನ್ನಾಗಿ ಮೇದದ್ದು ಮೂರರವರೆಗೆ. ಮಳೆ, ಜಿಗಣೆ, ಕೆಸರು, ಇಳಿಜಾರು ಯಾವುದಕ್ಕೂ ಜಗ್ಗುವುದಿಲ್ಲ. ಕಾಲುಬಾಯಿ ಜ್ವರ ಬಂದರೂ ದೊಡ್ಡ ದನದಷ್ಟು ಕುಸಿಯುವುದಿಲ್ಲ. ಹಾಗೆಂದು ಆರು ತಿಂಗಳಿಗೊಮ್ಮೆಯ ಲಸಿಕೆ ಬಿಡಬೇಡಿ.

ಕೊಟ್ಟಿಗೆ ಕಟ್ಟುವಾಗ ದೊಡ್ಡ ದನದ ಅಳತೆ ಹಿಡಿದರೆ ಹಣ ದಂಡ. ಒಂದಕ್ಕೆ ನಾಲ್ಕಡಿ ಉದ್ದ, ಮೂರಡಿ ಅಗಲ ಸಾಕು. ಗೋದಲಿಯ ಮುಂಗಟ್ಟೆ ಒಂದೂಕಾಲು ಅಡಿಗಿಂತ ಎತ್ತರವಾದರೆ ಕತ್ತು ಎತ್ತಿ ತಿನ್ನಬೇಕಾಗುತ್ತದೆ, ಅರ್ಧ ಹುಲ್ಲು ಕಾಲ ಕೆಳಗೆ ಹೋಗುತ್ತದೆ. ನೆಲಕ್ಕೆ ಸಿಮೆಂಟ್ ಹಾಕಿ ತೊಳೆಯುವುದಕ್ಕಿಂತ ತರಗೆಲೆ, ಸೊಪ್ಪು ಹಾಸಿ ತುಳಿಸುವುದು ಲೇಸು. ತೋಟಕ್ಕೆ ಬೇಕಾದ್ದು ಆ ಗೊಬ್ಬರವೇ.

ಗೊಬ್ಬರದ ಲೆಕ್ಕವನ್ನೂ ಮೊದಲೇ ಹಾಕಿ. ಗಿಡ್ಡ ದಿನಕ್ಕೆ ನಾಲ್ಕೈದು ಕೆಜಿ ಸಗಣಿ ಹಾಕುತ್ತದೆ, ಅದರಲ್ಲಿ ಹಗಲು ಮೇಯುವಾಗ ಹೊರಗೆ ಬಿದ್ದದ್ದು ಕೈಗೆ ಸಿಗುವುದಿಲ್ಲ. ಸುಭಾಷ್ ಪಾಳೇಕರರ ನೈಸರ್ಗಿಕ ಕೃಷಿ ವಿಧಾನದಲ್ಲಿ ಎಕರೆಗೆ 200 ಲೀಟರ್ ಜೀವಾಮೃತ ಎಂಬ ದ್ರವಗೊಬ್ಬರ ಮಾಡಲು 10 ಕೆಜಿ ಸಗಣಿ ಬೇಕು. ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದದ್ದನ್ನಷ್ಟೇ ನಂಬಿದರೆ ಒಂದು ಡ್ರಮ್ಮಿಗೆ ಒಂದು ಗಿಡ್ಡದ ನಾಲ್ಕೈದು ದಿನದ ಸಗಣಿ. ಎರಡೆಕರೆ ಅಡಿಕೆ ತೋಟಕ್ಕೆ ಎರಡು ಹಸು, ಒಂದು ಕಡಸು ಇದ್ದರೆ ನಿರಾಳ.

ತೊಂದರೆಗಳು ಮೂರು. ಬೇಲಿ ಹಾರುತ್ತದೆ, ನಾಲ್ಕಡಿಯ ಬೇಲಿಯನ್ನು ಬೇಲಿಯೆಂದು ಅದು ಒಪ್ಪುವುದೇ ಇಲ್ಲ. ಪಕ್ಕದವರ ಗದ್ದೆಯ ಜಗಳಕ್ಕೆ ಹೆದರಿ ವರ್ಷವಿಡೀ ಕಟ್ಟಿಹಾಕಿದರೆ ಗೊರಸು ಬೆಳೆದು ಸೊಟ್ಟಗಾಗುತ್ತದೆ, ಬೆದೆಯೂ ಗೊತ್ತಾಗದೆ ದಾಟಿಹೋಗುತ್ತದೆ. ಎರಡನೆಯದು, ಕರು ಬಿಡದೆ ಹಾಲಿಳಿಸುವುದಿಲ್ಲ. ಕರು ಸತ್ತರೆ ಆ ಸೂಲಿನ ಹಾಲು ಮುಗಿಯಿತು, ಆದ್ದರಿಂದ ಮೊದಲ ಎರಡು ತಿಂಗಳು ಅರ್ಧ ಹಾಲು ಕರುವಿಗೇ ಸಲ್ಲಬೇಕು. ಮೂರನೆಯದು ಉಣುಗು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ದನಕ್ಕೆ ಆ ಕಾಯಿಲೆ ಬಾಧಿಸುವುದಿಲ್ಲ, ಆದರೆ ಕಾಡಿನ ಉಣುಗನ್ನು ಅದು ಮನೆಬಾಗಿಲಿಗೆ ತರುತ್ತದೆ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಬಿಡುವ ದನಕ್ಕೆ ಉಣುಗಿನ ಔಷಧ ತಪ್ಪಿಸಬೇಡಿ.

ಔಷಧದ ಅಳತೆಯಲ್ಲೇ ಗಿಡ್ಡ ಸಾಕುವವರು ಎಡವುವುದು. ಬೆನ್ನುಮೂಳೆಯ ಉದ್ದಕ್ಕೆ ಸುರಿಯುವ ನೂರಕ್ಕೆ ಒಂದರ ಫ್ಲುಮೆಥ್ರಿನ್ ದ್ರಾವಣ 10 ಕೆಜಿ ತೂಕಕ್ಕೆ 1 ಎಂಎಲ್. ‘ಒಂದು ದನಕ್ಕೆ 30 ಎಂಎಲ್’ ಎಂದು ದೊಡ್ಡ ಹಸುವಿನ ಲೆಕ್ಕ ಹಿಡಿದರೆ ಮೂರು ಪಟ್ಟಾಯಿತು. ಜಂತುಹುಳುವಿನ ಔಷಧಕ್ಕೂ ಇದೇ ಎಚ್ಚರ. ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು: ಮುಂಗಾಲಿನ ಹಿಂದೆ ಎದೆ ಸುತ್ತಳತೆ ಇಂಚಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಹೆಗಲಿನ ಮುಂಭಾಗದಿಂದ ಪಿರ್ರೆಯ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 48 ಇಂಚು, ಉದ್ದ 36 ಇಂಚು ಇದ್ದರೆ ಸುಮಾರು 125 ಕೆಜಿ.

ಕೊಳ್ಳಲು ಇದರಷ್ಟು ಕಡಿಮೆ ಖರ್ಚಿನದು ಬೇರೆ ಇಲ್ಲ. ಕೊಟ್ಟಿಗೆ ಖಾಲಿ ಮಾಡುವ ಮನೆಗಳೇ ಊರೂರಲ್ಲಿ ಇವೆ. ಹೋರಿಕರುವಿಗೆ ಮಾತ್ರ ಗಿರಾಕಿ ಇಲ್ಲ. ನಾಲ್ಕೈದು ಮನೆಯವರು ಸೇರಿ ಒಂದನ್ನು ಊರ ಹೋರಿಯಾಗಿ ಉಳಿಸಿ, ಉಳಿದವನ್ನು ಹೋರಿ ಇಲ್ಲದ ಪಕ್ಕದ ಊರಿಗೆ ಕೊಡುವುದೇ ನಡೆದುಬರುವ ದಾರಿ.

ಹಳ್ಳಿಕಾರ್

ತುಮಕೂರು, ಹಾಸನ, ಮಂಡ್ಯ, ಮೈಸೂರು, ರಾಮನಗರ, ಬೆಂಗಳೂರು ಗ್ರಾಮಾಂತರದವರಿಗೆ ಇದು. ಗಿಡ್ಡದ ಲೆಕ್ಕ ಇಲ್ಲಿ ತಿರುಗುಮುರುಗು: ಹೋರಿಕರುವಿಗೇ ಬೆಲೆ, ಹಸುವಿಗೆ ಇಲ್ಲ. ಒಬ್ಬರ ಮನೆಯ ಹೋರಿಕರುವನ್ನು ಇನ್ನೊಬ್ಬರು ಕೊಂಡು, ಬಣ್ಣ, ಎತ್ತರ, ಕೊಂಬು ಹೊಂದುವ ಜೋಡಿ ಮಾಡಿ, ತಿದ್ದಿ, ಎರಡು ಹಲ್ಲಿಗೆ ಜಾತ್ರೆಗೆ ಹಿಡಿದರೆ ಲಕ್ಷಗಳ ಮಾತು. ಡಿಸೆಂಬರಿನಿಂದ ಮಾರ್ಚ್ ತನಕ ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ, ಹೇಮಗಿರಿ, ಮುಡುಕುತೊರೆ, ಸಿದ್ಧಗಂಗೆ ಎಂದು ಜಾತ್ರೆಗಳ ಸಾಲು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದು ಇನ್ನೂ ಇದೆ.

ಇಷ್ಟು ಬೆಲೆಯಿದ್ದೂ ತಳಿಗೆ ಅಪಾಯ ಯಾಕೆ ಅಂದರೆ, ಎತ್ತಿನ ಮೇಲೆ ಇರುವ ಮೋಹ ತಾಯಿಯ ಮೇಲೆ ಇಲ್ಲ. ದಿನಕ್ಕೆ ಎರಡು ಲೀಟರ್ ಕರೆಯುವ ಹಳ್ಳಿಕಾರ್ ಹಸುವಿಗೆ ಡೈರಿಯ ಆಸೆಗೆ ಎಚ್‌ಎಫ್ (ಹೆಚ್ಚು ಹಾಲಿನ ವಿದೇಶಿ ತಳಿ) ಹಾಕಿಸುತ್ತಾರೆ. ಅತ್ತ ಸುಳಿ, ನಡೆ, ಮೈಕಟ್ಟು ಎಲ್ಲ ಸರಿಯಿರುವ ಹೋರಿಗೆ ಎತ್ತಿನ ಬೆಲೆ ಹೆಚ್ಚೆಂದು ಬೀಜ ಒಡೆಸುತ್ತಾರೆ. ಒಳ್ಳೆಯದೇ ಮೊದಲು ಸಂತಾನದಿಂದ ಹೊರಗಾಗುತ್ತದೆ. ಹಾಗಾಗಿ ಹಳ್ಳಿಕಾರ್ ತಳಿಗೆ ನಿಜವಾಗಿ ನೆರವಾಗಬೇಕೆಂದರೆ ಜೋಡಿ ಕೊಂಡು ಮೆರೆಸುವುದಲ್ಲ, ಎರಡು ಒಳ್ಳೆಯ ಹಸು ಕಟ್ಟಿ ಪ್ರತಿ ಸೂಲಿಗೂ ಹಳ್ಳಿಕಾರ್ ಹೋರಿಯನ್ನೇ ಕೊಡಿಸುವುದು. ಕೈಯಲ್ಲಿ ಹಣವೂ ಹುಲ್ಲೂ ಇದ್ದವರು ಒಂದು ಬೀಜದ ಹೋರಿ ಕಟ್ಟಿದರೆ ಹತ್ತೂರಿಗೆ ಉಪಕಾರ. ಖರ್ಚು ಹೆಚ್ಚು: ಬೀಜದ ಹೋರಿಗೆ ಹುಲ್ಲಿನ ಜೊತೆ ದಿನಕ್ಕೆ ಎರಡು ಕೆಜಿ ಹಿಂಡಿ, ಬೂಸಾ, ಹುರುಳಿ ಬೇಕು, ವಾರಕ್ಕೆ ಎರಡು ಮೂರಕ್ಕಿಂತ ಹೆಚ್ಚು ಹಸುವಿಗೆ ಬಿಡಬಾರದು.

ತುರುವೇಕೆರೆ ತಾಲೂಕಿನ ಕುಣಿಕೇನಹಳ್ಳಿಯಲ್ಲಿ ಸರ್ಕಾರಿ ಹಳ್ಳಿಕಾರ್ ತಳಿ ಸಂವರ್ಧನಾ ಕೇಂದ್ರವಿದೆ. ಕಡಸು ಕೊಳ್ಳುವ ಮುಂಚೆ ಅಲ್ಲಿಗೆ ಒಮ್ಮೆ ಹೋಗಿ ನೋಡಿ ಬಂದರೆ ಕಣ್ಣು ಪಳಗುತ್ತದೆ.

ಅಮೃತಮಹಲ್

ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯ ದನ, ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಹೆಸರಿನಲ್ಲಿ ಬೆಣ್ಣೆ, ಅಮೃತ ಎಲ್ಲ ಇದ್ದರೂ ಈಗಿನದು ದಂಡಿನ ಸಾಮಾನು ಎಳೆದ ದನದ ಸಂತತಿ. ಹಾಲಿಗಾಗಿ ಇದನ್ನು ಕಟ್ಟುವುದು ತಪ್ಪು ಲೆಕ್ಕ. ಬಿರುಸು ಸ್ವಭಾವ, ಹಿಂದಕ್ಕೆ ಬಾಗಿದ ಚೂಪು ಕೊಂಬು, ಅಪರಿಚಿತರನ್ನು ಹತ್ತಿರ ಸೇರಿಸದು. ಬಯಲಿನಲ್ಲಿ ಹಿಂಡಾಗಿ ಬೆಳೆಯಬೇಕಾದ ಇದನ್ನು ಅರ್ಧ ಎಕರೆ ತೋಟದಲ್ಲಿ ಒಂಟಿಯಾಗಿ ಕಟ್ಟಿದರೆ ಅದಕ್ಕೂ ಸುಖವಿಲ್ಲ, ನಿಮಗೂ ಇಲ್ಲ.

ಅಜ್ಜಂಪುರದ ಸರ್ಕಾರಿ ಕೇಂದ್ರದವರು ಹೋರಿಗಳ ಹರಾಜು ನಡೆಸುತ್ತಾರೆ. ಪಹಣಿ, ಗುರುತಿನ ಚೀಟಿ ಹಿಡಿದು ಹೋಗಿ. ಹರಾಜಿನ ಹೋರಿ ಮೂಗುದಾರ ಕಾಣದ್ದು. ಪಳಗಿಸಲು ಕೈ ಪಳಗಿದವರು ಬೇಕು, ಜೊತೆಗೆ ತಿಂಗಳುಗಟ್ಟಲೆ ತಾಳ್ಮೆ. ಕಡೂರು, ತರೀಕೆರೆ, ಹೊಸದುರ್ಗ, ಚಿಕ್ಕನಾಯಕನಹಳ್ಳಿ ಕಡೆಯ ಒಣಬೇಸಾಯದವರು, ಎತ್ತಿನ ಕೆಲಸ ಇನ್ನೂ ಇರುವವರು ಕೊಳ್ಳಬಹುದು. ಉಳಿದವರಿಗೆ ಈ ತಳಿ ಉಳಿಸುವ ದಾರಿ ದನ ಕೊಳ್ಳುವುದಲ್ಲ, ಕಾವಲು (ಈ ದನಕ್ಕೆಂದು ಬಿಟ್ಟ ಹುಲ್ಲುಗಾವಲು) ಉಳಿಸುವುದು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ದೇವಣಿ, ಖಿಲಾರಿ, ಕೃಷ್ಣಾ ಕಣಿವೆ

ಬೀದರ್, ಕಲಬುರಗಿಯವರು ಅದೃಷ್ಟವಂತರು. ದೇವಣಿ ಹಾಲಿಗೂ ಸೈ, ಎರೆಹೊಲದ ಉಳುಮೆಗೂ ಸೈ. ದಿನಕ್ಕೆ ಮೂರು ನಾಲ್ಕು ಲೀಟರ್ ಕರೆಯಬಹುದು, ಸ್ವಭಾವವೂ ಸಾಧು. ಪೂರ್ತಿ ಬಿಳಿಯದು ಬಾಲಂಕ್ಯಾ, ಮುಖ ಕಪ್ಪಾಗಿ ಮೈ ಬಿಳಿಯಿದ್ದದ್ದು ವಾನ್ನೆರಾ, ಮೈತುಂಬ ಕಪ್ಪು ಮಚ್ಚೆಯದು ಶೇವೆರಾ. ಮೂರೂ ದೇವಣಿಯೇ, ಮಚ್ಚೆ ಇದೆಯೆಂದು ಮಿಶ್ರತಳಿ ಅನ್ನುವ ದಲ್ಲಾಳಿಯ ಮಾತಿಗೆ ಬೆಲೆ ಇಳಿಸಬೇಡಿ, ಏರಿಸಲೂ ಬೇಡಿ. ಬಿಳಿಜೋಳದ ಕಣಿಕೆ, ತೊಗರಿ ಹೊಟ್ಟು ಮನೆಯಲ್ಲೇ ಇದ್ದರೆ ಮೇವಿನ ಅರ್ಧ ಖರ್ಚು ಉಳಿಯಿತು. ಬೀದರಿನ ಪಶು ವಿಶ್ವವಿದ್ಯಾಲಯದ ಕಟ್ಟಿತೂಗಾಂವ್ ಕೇಂದ್ರ ಈ ತಳಿಗೇ ಮೀಸಲು. ದೇವಣಿಯನ್ನು ತೀರ್ಥಹಳ್ಳಿಯ ಮಳೆಗೆ ಒಯ್ಯುವವರೂ ಇದ್ದಾರೆ. ಮೊದಲ ಮಳೆಗಾಲದಲ್ಲೇ ಗೊರಸು ಕೊಳೆತು ಪಶ್ಚಾತ್ತಾಪ ಪಡುವ ಕೆಲಸ ಅದು.

ವಿಜಯಪುರ, ಬೆಳಗಾವಿ ಕಡೆ ಖಿಲಾರಿ ವೇಗದ ಎತ್ತು. ಹಾಲು ಕರುವಿಗೆ ಸಾಕಾಗುವಷ್ಟು. ಎತ್ತಿನ ಕೆಲಸವಿಲ್ಲದ ಮನೆಗೆ ಬೇಡ. ಕೃಷ್ಣಾ ಕಣಿವೆ ತಳಿ ಇವೆಲ್ಲಕ್ಕಿಂತ ಅಪರೂಪದ್ದು. ಎರೆಮಣ್ಣಿನ ಭಾರಿ ನೇಗಿಲಿಗೆಂದೇ ಬೆಳೆದ ಭಾರಿ ಮೈಯ ದನ, ಟ್ರ್ಯಾಕ್ಟರ್ ಬಂದಮೇಲೆ ಕೆಲಸ ಹೋಯಿತು. ಒಬ್ಬರೇ ಕಟ್ಟುವ ಸಾಹಸ ಮಾಡಬೇಡಿ. ನೀರಾವರಿಯ ಮೇವು ಇರುವ ಮೂರು ನಾಲ್ಕು ರೈತರು ಸೇರಿ, ಹೋರಿ ಎಲ್ಲಿಂದ ಎಂದು ಮೊದಲು ಗೊತ್ತುಮಾಡಿಕೊಂಡು ಇಳಿಯಿರಿ. ಧಾರವಾಡದ ಸುತ್ತಿನವರಿಗೆ ಹಾಲೇ ಬೇಕಿದ್ದರೆ ಅಲ್ಲಿನದೇ ಧಾರವಾಡಿ ಎಮ್ಮೆ ಇದೆ. ಅರ್ಧಚಂದ್ರದ ಕೊಂಬು, ದಿನಕ್ಕೆ ಮೂರು ಲೀಟರಿನ ಸುಮಾರು, ಪೇಡಾದ ಹಿಂದಿನ ಹಾಲು ಅದರದ್ದೇ.

ದನಕ್ಕೆ ಜಾಗವೇ ಇಲ್ಲ, ಮಳವಳ್ಳಿ–ಬನ್ನೂರು ಸೀಮೆ ಅನ್ನುವವರು ಬನ್ನೂರು ಕುರಿ ಎಂದೂ ಕರೆಯುವ ಬಂಡೂರು ಕುರಿ ನೋಡಿ. ಗಿಡ್ಡ ಕಾಲು, ಹಿಂದಿನಿಂದ ನೋಡಿದರೆ ತಲೆಕೆಳಗಾದ ಬುಟ್ಟಿಯ ಹಾಗೆ ಕೂಡಿದ ತೊಡೆ, ಕೊಂಬಿಲ್ಲ. ಸೂಲಿಗೆ ಒಂದೇ ಮರಿ, ಆದ್ದರಿಂದ ಮಂದೆ ಬೇಗ ಬೆಳೆಯದು. ಬನ್ನೂರು ಕುರಿಯ ಹೆಸರಿನಲ್ಲಿ ಸಂತೆಗೆ ಬರುವುದರಲ್ಲಿ ಬೆರಕೆಯೇ ಬಹಳ. ಧನಗೂರಿನ ಸರ್ಕಾರಿ ಕುರಿ ಫಾರಂನಲ್ಲಿ ಅಸಲಿ ಹೇಗಿರುತ್ತದೆಂದು ನೋಡಿಕೊಂಡು ಸಂತೆಗೆ ಹೋಗಿ.

ಕೊಳ್ಳುವ ದಿನ

ಬಾಯಿ ಬಿಡಿಸಿ ನೋಡಿ. ಎರಡು ಹಲ್ಲು ಅಂದರೆ ಎರಡೂವರೆ ವರ್ಷದ ಸುಮಾರು, ಬಾಯಿಗೂಡಿದ್ದು (ಎಂಟೂ ಹಲ್ಲು ಬಂದದ್ದು) ಅಂದರೆ ನಾಲ್ಕು ದಾಟಿದೆ. ಹಲ್ಲು ಸವೆದು ಸಂದು ಬಿಟ್ಟಿದ್ದರೆ ಮುದಿ ಹಸು. ಕೊಂಬಿಗೆ ಮರುಳಾಗಬೇಡಿ: ಹೆರೆದು, ಎಣ್ಣೆ ಹಚ್ಚಿ ಮಿರುಗಿಸಿದ ಕೊಂಬಿನ ಬುಡದಲ್ಲಿ ಬೆರಳಾಡಿಸಿದರೆ ಹೆರೆದ ಗೆರೆ ಸಿಗುತ್ತದೆ. ಹಸುವಾದರೆ ನಾಲ್ಕೂ ಮೊಲೆಯಿಂದ ನೀವೇ ಒಂದೊಂದು ಗುಟುಕು ಕರೆದು ನೋಡಿ. ಹತ್ತಿಪ್ಪತ್ತು ಹೆಜ್ಜೆ ನಡೆಸಿ, ತಿರುಗಿಸಿ. ಕೊನೆಗೆ ತಾಯಿಯನ್ನು ನೋಡಲು ಕೇಳಿ; ಮನೆಯಿಂದ ಕೊಳ್ಳುವುದರ ಲಾಭ ಇದೇ, ಜಾತ್ರೆಯಲ್ಲಿ ತಾಯಿ ಸಿಗುವುದಿಲ್ಲ.

ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದ್ದರೆ ಸಂಖ್ಯೆ ಬರೆದುಕೊಳ್ಳಿ. ಲಸಿಕೆಯ ದಾಖಲೆ ಆ ಸಂಖ್ಯೆಯ ಹೆಸರಿನಲ್ಲೇ ಇರುತ್ತದೆ. ವಾಹನಕ್ಕೆ ಹತ್ತಿಸುವ ಮುಂಚೆ ಪಶುವೈದ್ಯರ ಪ್ರಮಾಣಪತ್ರ, ಮಾರಿದವರ ರಶೀದಿ, ಸಾಗಾಟದ ಕಾಗದ ಕೈಯಲ್ಲಿರಲಿ. ತಂದದ್ದನ್ನು ಮೂರು ವಾರ ಉಳಿದ ದನದಿಂದ ದೂರ ಕಟ್ಟಿ. 2022ರ ಚರ್ಮಗಂಟು ರೋಗದಲ್ಲಿ ಈ ಒಂದು ಎಚ್ಚರ ತಪ್ಪಿದ್ದಕ್ಕೆ ಇಡೀ ಕೊಟ್ಟಿಗೆಗೇ ರೋಗ ಹತ್ತಿಸಿಕೊಂಡವರಿದ್ದಾರೆ.

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುಬೆಳಿಗ್ಗೆ ಕೊಡಿಸಿ. ತಪ್ಪಿದರೆ ಮತ್ತೆ 21 ದಿನ. ಯಾವ ಹೋರಿ, ಯಾವ ತಾರೀಕು ಎಂದು ಕೊಟ್ಟಿಗೆಯ ಗೋಡೆಗಾದರೂ ಬರೆದಿಡಿ. ಒಂದೇ ಹೋರಿಯನ್ನು ಎರಡೂವರೆ ವರ್ಷಕ್ಕಿಂತ ಹೆಚ್ಚು ಒಂದೇ ಊರಲ್ಲಿ ಇಡಬೇಡಿ, ಅದರ ಮಗಳೇ ಅದರ ಎದುರು ಬೆದೆಗೆ ಬರುತ್ತಾಳೆ. ಪಕ್ಕದೂರಿನ ಹೋರಿಯ ಜೊತೆ ಅದಲುಬದಲು ಮಾಡಿಕೊಳ್ಳುವುದಕ್ಕೆ ಖರ್ಚೇ ಇಲ್ಲ.

ಕಟ್ಟಲಾಗದವರಿಗೆ

ಬೆಂಗಳೂರಿನಲ್ಲಿ ಕೆಲಸ, ವಾರಾಂತ್ಯದ ತೋಟ ಅನ್ನುವವರು ದನ ಕೊಳ್ಳಬೇಡಿ. ಸೋಮವಾರದಿಂದ ಶುಕ್ರವಾರದವರೆಗೆ ಅದು ಯಾರ ದನವೂ ಅಲ್ಲದಂತಾಗುತ್ತದೆ. ಅದೇ ಹಣವನ್ನು ತಳಿಯ ಸೀಮೆಯಲ್ಲೇ ಬೀಜದ ಹೋರಿ ಕಟ್ಟಿರುವ ರೈತರ ವರ್ಷದ ಹುಲ್ಲಿಗೆ ಕೊಡಿ. ಗೋಶಾಲೆಗೆ ಕೊಡುವುದಾದರೆ ಮೂರು ಪ್ರಶ್ನೆ ಕೇಳಿ: ತಳಿಗಳನ್ನು ಬೇರೆ ಬೇರೆ ಹಿಂಡಾಗಿ ಇಟ್ಟಿದ್ದೀರಾ, ಯಾವ ಕರುವಿಗೆ ಯಾವ ಹೋರಿ ಎಂಬ ಪುಸ್ತಕ ಇದೆಯಾ, ಹೋದ ವರ್ಷ ಎಷ್ಟು ಕರು ಹುಟ್ಟಿತು? ಎಲ್ಲ ತಳಿಯೂ ಒಂದೇ ಕೊಟ್ಟಿಗೆಯಲ್ಲಿದ್ದರೆ ಅದು ಆಶ್ರಯ. ಒಳ್ಳೆಯ ಕೆಲಸವೇ, ಆದರೆ ತಳಿ ಉಳಿಸುವ ಕೆಲಸ ಅದಲ್ಲ. ಹೊಸನಗರದ ರಾಮಚಂದ್ರಾಪುರ ಮಠದ ‘ಕಾಮದುಘಾ’ದಂತೆ ದೇಸಿ ತಳಿಗಳಿಗೆಂದೇ ಹೊರಟ ಯೋಜನೆಗಳು ಇವೆ, ಅಲ್ಲಿಯೂ ಇವೇ ಮೂರು ಪ್ರಶ್ನೆ ಕೇಳಬಹುದು.

ಇನ್ನು ಕಾವಲು, ಗೋಮಾಳದ ಮಾತು. ಚಳ್ಳಕೆರೆಯ ಉಳ್ಳಾರ್ತಿ, ಖುದಾಪುರದ ಕಡೆ ಸುಮಾರು 10 ಸಾವಿರ ಎಕರೆ ಅಮೃತಮಹಲ್ ಕಾವಲು ರಕ್ಷಣಾ, ಅಣು ಮತ್ತು ಬಾಹ್ಯಾಕಾಶ ಸಂಸ್ಥೆಗಳ ಪಾಲಾದದ್ದು ಊರವರಿಗೆ ಗೊತ್ತಾದದ್ದೇ ಬೇಲಿ ಏಳುವಾಗ. ಕುರಿಗಾಹಿಗಳು, ರೈತರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಅಷ್ಟು ದೂರ ಹೋಗುವ ಮುಂಚೆ ನಿಮ್ಮೂರಲ್ಲಿ ಮಾಡಬಹುದಾದದ್ದು ಒಂದಿದೆ. ರಾಜ್ಯದ ಭೂಕಂದಾಯ ನಿಯಮದ ಪ್ರಕಾರ ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ದನದ ಲೆಕ್ಕ ಕಡಿಮೆಯಾದರೆ ಉಳಿದ ಗೋಮಾಳ ‘ಹೆಚ್ಚುವರಿ’ ಎಂದಾಗಿ ಮಂಜೂರಾತಿಗೆ ಬಾಗಿಲು ತೆರೆಯುತ್ತದೆ. ಜಾನುವಾರು ಗಣತಿಯವರು ಬಂದಾಗ ಮನೆಯಲ್ಲಿ ಯಾರೂ ಇಲ್ಲದೆ, ಕಾಡಿಗೆ ಹೋದ ನಾಲ್ಕು ಗಿಡ್ಡ ಲೆಕ್ಕಕ್ಕೆ ಸೇರದೆ ಹೋಗುವುದು ಸಾಮಾನ್ಯ. ಬರೆಯುವಾಗಲೂ ‘ನಾಟಿ’ ಎಂದಷ್ಟೇ ಬರೆಸದೆ ತಳಿಯ ಹೆಸರು ಹೇಳಿ ಬರೆಸಿ. ಗೋಮಾಳದ ಸರ್ವೆ ನಂಬರ್, ವಿಸ್ತೀರ್ಣ ನಿಮ್ಮೂರ ಪಹಣಿಯಲ್ಲೇ ಸಿಗುತ್ತದೆ; ಅದರ ಪ್ರತಿ ತೆಗೆಸಿ, ಊರ ದನದ ಪಟ್ಟಿಯ ಜೊತೆ ಗ್ರಾಮಸಭೆಯ ನಡಾವಳಿಗೆ ಸೇರಿಸಿ.